ತಪ್ಪು ನಿಮ್ಮದಲ್ಲ

ಆಸ್ಪತ್ರೆಯ ಟೋಕನ್ ಯಂತ್ರದಲ್ಲಿ ಅಜ್ಜಿಯೊಬ್ಬರು ಫೋನ್ ನಂಬರಿನ ಒಂದಂಕಿ ಬಿಟ್ಟರು. ಪರದೆಯ ಮೇಲೆ 'ದೋಷ 407' ಅಂತ ಕೆಂಪಗೆ ಮೂಡಿತು. ಅಜ್ಜಿ ಪಾಪ, ಅದೇ ಡಾಕ್ಟರ ಕೋಣೆಯ ನಂಬರು ಅಂದುಕೊಂಡು ಮೆಟ್ಟಿಲು ಹತ್ತಿದರು. ಇದ್ದದ್ದೇ ಎರಡು ಮಹಡಿ. ಕೊನೆಗೆ ತಾರಸಿಗೆ ಹೋಗಿ, ಡಾಕ್ಟರು ಈಗ ಬರುತ್ತಾರೆ ಆಗ ಬರುತ್ತಾರೆ ಅಂತ ನೀರಿನ ಟ್ಯಾಂಕಿಗೆ ಒರಗಿ ಸಂಜೆಯತನಕ ಕೂತುಬಿಟ್ಟರು.

ಮಾರನೇ ದಿನ ಬೆಳಿಗ್ಗೆ ಆ ಯಂತ್ರಕ್ಕೆ ಸಾಫ್ಟ್‌ವೇರ್ ಬರೆದ ಕಂಪನಿಯ ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತಾ ಪಿಸುಮಾತಿನ ಮೇಜಿನ ಮುಂದೆ ನಿಂತರು.

ಪಿಸುಮಾತು ಅನ್ನುವುದು ಆಫೀಸಿನವರು ಅವಳಿಗಿಟ್ಟ ಹೆಸರು. ಅವಳ ದನಿ ಹತ್ತಿಯ ಮೇಲೆ ಬಿದ್ದ ಸೂಜಿಯ ಹಾಗೆ. ಕಿಟಕಿ ಪಕ್ಕ ಕೂತು ಪರದೆಯ ಮೇಲೆ ಬರುವ ಮಾತುಗಳನ್ನು ಬರೆಯುವುದು ಅವಳ ಕೆಲಸ. ಯಾರ ಮುಂದೆಯೂ ಬಾಯಿ ಬಿಡಬೇಕಾಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಆ ಕೆಲಸವನ್ನು ಕಣ್ಣಿಗೊತ್ತಿಕೊಂಡಿದ್ದಳು. ಅದಿನ್ನೂ ಖಾಯಂ ಆಗಿರಲಿಲ್ಲ.

"ನೋಡಮ್ಮ, ಮಧ್ಯಾಹ್ನದೊಳಗೆ ಆ ಯಂತ್ರ ಜನಕ್ಕೆ ಅರ್ಥವಾಗೋ ಹಾಗೆ ಮಾತಾಡ್ಬೇಕು. ಆಯ್ತೋ, ನಿನ್ನ ಕೆಲಸ ಖಾಯಂ. ಇಲ್ವೋ, ನಾಳೆಯಿಂದ ಈ ಕಿಟಕಿ ಬೇರೆಯವರದ್ದು."

ಸುದ್ದಿ ತಿಳಿದದ್ದೇ ತಡ, ಉಪದೇಶಕ್ಕೆ ಜನ ಸಾಲುಗಟ್ಟಿದರು. ಕೋಡು ಬರೆಯುವ ಅಣ್ಣ ಬಂದು, "407 ಮಾತ್ರ ತೆಗೀಬೇಡ ತಂಗಿ, ಆಮೇಲೆ ಏನು ಕೆಟ್ಟಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಅಂದ.

"ಅದು ನಿನಗೆ ಗೊತ್ತಾಗ್ಬೇಕೋ, ಅಜ್ಜಿಗೋ?" ಅಂತ ಲೆಕ್ಕದ ಅಕ್ಕ ಅವನ ಮೇಲೆ ಹರಿಹಾಯ್ದರು. "ಮೊದಲು ಒಂದು 'ಕ್ಷಮಿಸಿ' ಹಾಕಮ್ಮ."

"ಕ್ಷಮಿಸಿ ಅಂದ್ರೆ ತಪ್ಪು ಒಪ್ಕೊಂಡ ಹಾಗೆ! ನಾಳೆ ಕೋರ್ಟಿಗೆ ನೀವು ಹೋಗ್ತೀರಾ?" ಅಂತ ಕಂಪನಿಯ ವಕೀಲರು ಕನ್ನಡಕ ಮೇಲೇರಿಸಿದರು.

ಮೂವರೂ ಸೇರಿ ಮಾಡಿದ ಸಂದೇಶ ಮದುವೆಮನೆಯ ಚಾಪೆಯಷ್ಟು ಉದ್ದವಾಯಿತು. ಪರದೆಯಲ್ಲಿ ಅದರ ಅಂಚು ಕೂಡ ಹಿಡಿಸಲಿಲ್ಲ. ಮೂವರೂ ಜಗಳ ಮುಂದುವರಿಸಲು ಕಾಫಿಗೆ ಹೋದರು.

ಕೋಣೆ ತಣ್ಣಗಾಯಿತು. ಪಿಸುಮಾತು ಕೆನ್ನೆಗೆ ಕೈಯಾನಿಸಿ ಕೂತಳು. ಕಿಟಕಿಯ ಬಿಸಿಲು ಮೇಜಿನ ಮೇಲೆ ಹಾಲಿನಂತೆ ಹರಡಿತ್ತು. ಅವಳ ಕಣ್ಣಿಗೆ ಆ ಯಂತ್ರದೊಳಗೆ ಒಂದು ಪುಟ್ಟ ಕೋಣೆ ಕಾಣಿಸಿತು. ಅಲ್ಲೊಂದು ಮಂದ ದೀಪ, ದೀಪದ ಪಕ್ಕ ತನ್ನಂಥದೇ ಒಂದು ನಾಚಿಕೆಯ ಜೀವ. ಹೊರಗೆ ನಿಂತ ಅಜ್ಜಿಗೆ ಅದು ಏನಂದೀತು? ಬೆರಳುಗಳು ತಾವಾಗಿಯೇ ಬರೆದವು:

"ಒಂದು ಅಂಕಿ ಎಲ್ಲೋ ಜಾರಿಹೋಗಿದೆ. ತಪ್ಪು ನಿಮ್ಮದಲ್ಲ, ನನ್ನ ಗುಂಡಿಗಳೇ ಚಿಕ್ಕವು. ನಿಧಾನವಾಗಿ ಇನ್ನೊಮ್ಮೆ ಒತ್ತಿ, ನಾನಿಲ್ಲೇ ಇರುತ್ತೇನೆ."

ಹುಟ್ಟಿದ ವರ್ಷ ತಪ್ಪಾದವರಿಗೆ: "ಈ ಲೆಕ್ಕದಲ್ಲಿ ನೀವಿನ್ನೂ ಹುಟ್ಟೇ ಇಲ್ಲ. ಅವಸರವಿಲ್ಲ, ವರ್ಷವನ್ನೊಮ್ಮೆ ನೋಡಿ."

ಏನೂ ಒತ್ತದೆ ನಿಂತವರಿಗೆ: "ಯೋಚನೆಯಲ್ಲಿದ್ದೀರಾ? ಆಗಲಿ. ಅಲ್ಲಿಯತನಕ ನಿಮ್ಮ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತೇನೆ."

ಕಾಫಿಯವರು ಮರಳುವಷ್ಟರಲ್ಲಿ ಮಾತುಗಳು ಯಂತ್ರ ಸೇರಿಯಾಗಿದ್ದವು.

ಊಟದ ಹೊತ್ತಿಗೆ ಮ್ಯಾನೇಜರ ಫೋನು ಬಡಿದುಕೊಂಡಿತು. ಆ ಕಡೆ ಆಸ್ಪತ್ರೆಯ ದೊಡ್ಡ ಡಾಕ್ಟರು. "ಬೆಳಿಗ್ಗೆಯಿಂದ ಬರೀ ತಪ್ಪೇ ಒತ್ತಾ ಇದ್ದಾರೆ ಕಣ್ರೀ! ನಿನ್ನೆಗಿಂತ ಹತ್ತು ಪಟ್ಟು! ಟೋಕನ್ ತಗೊಂಡು ಒಳಗೆ ಬರೋರೇ ಇಲ್ಲ. ಮೊದಲು ಬಂದು ನೋಡಿ!"

ಮ್ಯಾನೇಜರ್ ಪಿಸುಮಾತನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಅವಳು ತನ್ನ ಕಿಟಕಿಗೆ ಮನಸ್ಸಿನಲ್ಲೇ ವಿದಾಯ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆ ಭಣಗುಟ್ಟುತ್ತಿತ್ತು. ಯಂತ್ರದ ಮುಂದೆ ಮಾತ್ರ ಜೇನುಗೂಡು.

"ಸ್ವಲ್ಪ ಜರುಗಿ ಕಂಡಕ್ಟರೇ, ಆಗಲೇ ಮೂರು ಸಲ ಹುಟ್ಟಿದ್ದೀರಿ!" ಹಿಂದೆ ನಿಂತ ಟೈಲರೊಬ್ಬ ರೇಗಿದ.

"ಇರಯ್ಯಾ. ಮೂವತ್ತು ವರ್ಷ ಬಸ್ಸಲ್ಲಿ ಎಲ್ಲರ ತಪ್ಪೂ ನನ್ನ ತಲೆಗೇ ಕಟ್ಟಿದ್ರು. ತಪ್ಪು ನಿಮ್ಮದಲ್ಲ ಅಂತ ಇವತ್ತೇ ಮೊದಲು ಕೇಳ್ತಿರೋದು. ಇನ್ನೊಂದೇ ಒಂದು ಸಲ," ಅಂತ ಕಂಡಕ್ಟರು ಬೇಕಂತಲೇ ಒಂದಂಕಿ ಬಿಟ್ಟು ಒತ್ತಿದರು. ಓದಿ ಮುಗಿಸಿ ಕಣ್ಣೊರೆಸಿಕೊಂಡರು.

ಅವರ ನಂತರ ಬಂದ ಗೃಹಿಣಿಯೊಬ್ಬರು ಏನೂ ಒತ್ತದೆ, ಯಾರೋ ತಮ್ಮ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಅನ್ನುವ ನೆಮ್ಮದಿಯಲ್ಲಿ ತೇಲುತ್ತಾ ನಿಂತಿದ್ದರು.

"ಇದನ್ನೆಲ್ಲ ಬರೆದದ್ದು ಯಾರು?" ದೊಡ್ಡ ಡಾಕ್ಟರು ಗುಡುಗಿದರು.

ಮ್ಯಾನೇಜರ್ ನಿಧಾನಕ್ಕೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಹಿಂದೆ ಪಿಸುಮಾತು ಕಾಣಿಸಿದಳು.

ಡಾಕ್ಟರು ಅವಳನ್ನು ನೋಡಿದರು, ಜನವನ್ನು ನೋಡಿದರು. "ಯಂತ್ರ ಕಿತ್ತುಹಾಕಿ. ಜನಕ್ಕೆ ಬೇಕಾಗಿರೋದು ಟೋಕನ್ ಅಲ್ಲ, ಈ ಮಾತು. ಈ ಹುಡುಗೀನೇ ಅಲ್ಲಿ ಕೂರಿಸಿ. ಬಂದವರ ಹತ್ತಿರ ಇವಳೇ ಮಾತಾಡ್ಲಿ, ಬೆಳಿಗ್ಗೆಯಿಂದ ಸಂಜೆತನಕ."

"ಕೇಳಿದೆಯೇನಮ್ಮಾ? ಖಾಯಂ!" ಮ್ಯಾನೇಜರ್ ಅವಳ ಕೈ ಹಿಡಿದು ಕುಲುಕಿದರು.

ಸಂಜೆಯಾಗುವುದರೊಳಗೆ ಯಂತ್ರವಿದ್ದ ಜಾಗಕ್ಕೆ ಒಂದು ಕುರ್ಚಿ ಬಂತು. ಕುರ್ಚಿಯಲ್ಲಿ ಅವಳು. ಮುಂದೆ ಬಾಗಿಲಾಚೆಯತನಕ ಸಾಲು. ಮೊದಲಿಗೆ ಕಂಡಕ್ಟರು.

"ಫೋನ್ ನಂಬರು ತಪ್ಪು ಹೇಳ್ತಾ ಇದೀನಿ ತಾಯಿ. ಹೂಂ, ಶುರು ಮಾಡಿ."

ಪಿಸುಮಾತು ಬಾಯಿ ತೆರೆದಳು. ತುಟಿ ಅಲುಗಿತು. ಸಾಲಿಗೆ ಸಾಲೇ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿತು.

ಕಂಡಕ್ಟರು ಕಿವಿಗೆ ಕೈಯಾನಿಸಿ ಕಾದರು, ಕಾದರು. ಕೊನೆಗೆ ಹಿಂದೆ ತಿರುಗಿ ಕೂಗಿದರು: "ಡಾಕ್ಟರೇ, ಇದು ಕೆಟ್ಟಿದೆ! ಹಳೇದನ್ನೇ ಹಾಕ್ಸಿ!"