ಆಡಿ ಗಾಳಿಯಲ್ಲಿ ಒಂದು ಪುಟ್ಟ ಫ್ಯಾನು

ಉತ್ತಮಪಾಳಯದ ನಮ್ಮ ಮಾಮನ ಮನೆಯೊಳಗೆ ಮನುಷ್ಯರಿಗೆ ಪ್ರವೇಶವುಂಟು, ಅವರ ಕಾಲುಗಳಿಗಿಲ್ಲ! ಮೊಣಕಾಲಿನವರೆಗೆ ತೊಳೆದು, ಒದ್ದೆ ಗೋಣಿಯ ಮೇಲೆ ನಿಂತು, ಮಾಮ ಬಗ್ಗಿ ನೋಡಿ ತಲೆಯಾಡಿಸಿದ ಮೇಲೆಯೇ ಪಾದಗಳಿಗೆ ಅಪ್ಪಣೆ. ದೇವಸ್ಥಾನದಲ್ಲೂ ಇಷ್ಟು ಮಡಿ ನಾನು ಕಂಡಿಲ್ಲ.

ಇಂಥ ಮನೆಗೆ, ತೊಂಬತ್ತರ ದಶಕದ ಕೊನೆಯ ಒಂದು ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಗಾಳಿಗಾಲದಲ್ಲಿ, ನಾನು ಕಚೇರಿಯ ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡು ಬಂದಿಳಿದೆ. ಆಡಿ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎನ್ನುವ ಸೀಮೆ ನಮ್ಮದು. ಕೊಯಮತ್ತೂರು ಕಚೇರಿಯ ಸಾಹೇಬರು ಮೊದಲೇ ಎಚ್ಚರಿಸಿದ್ದರು: "ಒಳಗಿನ ಫ್ಯಾನಿಗೆ ದೂಳು ಹೊಕ್ಕರೆ ಯಂತ್ರ ಹೋಯಿತು. ಯಂತ್ರ ಹೋದರೆ ನೀನೂ ಹೋದೆ." ಅಷ್ಟು ದೊಡ್ಡ ಹೆದರಿಕೆಯನ್ನು ಒಬ್ಬನೇ ಹೊರಲಾರದೆ ಮಾಮನಿಗೂ ಹೇಳಿಬಿಟ್ಟೆ. ಹೇಳಬಾರದಿತ್ತು!

ಮಾಮ ಯಂತ್ರದ ಪಕ್ಕದ ಕಿಂಡಿಗೆ ಅಂಗೈ ಹಿಡಿದು, ನಾಡಿ ನೋಡುವ ಪಂಡಿತರಂತೆ ಕಣ್ಣು ಮುಚ್ಚಿದರು.

"ಮೂಚ್ಚು ಬಿಡ್ತೈತೆ ಮಾಪ್ಳೆ. ಆದ್ರ ಇಳೆಪ್ಪು ಐತೆ."

ಉಸಿರಿದೆ, ಜೊತೆಗೆ ಉಬ್ಬಸವೂ ಇದೆ ಎಂದು ಅಳಿಯನಾದ ನನಗೆ ತೀರ್ಪು.

"ಅದು ಫ್ಯಾನ್ ಸದ್ದು ಮಾಮಾ!"

"ಇಳೆಪ್ಪು ಯಾವ್ದು ಅಂತ ನಂಗ ಹೇಳ್ಕೊಡ್ತೀಯಾ?"

ಒಳಕೋಣೆಯಲ್ಲಿ ದಿಂಬಿಗೊರಗಿದ್ದ ಅತ್ತೆ ನಕ್ಕರು, ನಗು ಕೆಮ್ಮಾಯಿತು. ಮಾಮ ಅರ್ಧ ಎದ್ದವರು, ಕೆಮ್ಮು ನಿಂತ ಮೇಲೆ ಕೂತರು.

ಅಂದಿನಿಂದ ಶುಶ್ರೂಷೆ ಶುರು. ಮನೆಯಲ್ಲಿ ಪೊರಕೆ ಮೊದಲೇ ನಿಷಿದ್ಧ, ಬರೀ ಒದ್ದೆ ಬಟ್ಟೆ. ಈಗ ಸಾಂಬ್ರಾಣಿಯೂ ಗಡೀಪಾರು. ಬಾಗಿಲಿಗೆ ಒದ್ದೆ ಪಂಚೆಯ ಪರದೆ. ಅರಿಶಿನ ಕೇಳಲು ಬಂದ ಪಕ್ಕದ ಮನೆಯಾಕೆ ಹೊಸ್ತಿಲಲ್ಲೇ ಬೆರಗಾದಳು.

"ಏನಣ್ಣಾ, ಒಳಗ ಯಾರ್ಗಾದ್ರೂ ಹೆರಿಗೆಯಾ?" ಎನ್ನುತ್ತ ಸೀರೆಯ ದೂಳು ಕೊಡವಹೋದಳು.

"ಸೀಲೆ ಕೊಡವ್ಬೇಡಮ್ಮಾ, ತೂಸಿ ಬರುತ್ತೆ! ಅಲ್ಲೇ ನಿಂತು ಮಾತಾಡು."

ಆಕೆ ಅರಿಶಿನವನ್ನೂ ಮರೆತು ಹೋದಳು.

ನಾನು ಊಟಕ್ಕೆ ಕೂತಿದ್ದಾಗ ಮಾಮ ಕೊನೆಯ ಅಸ್ತ್ರ ಪ್ರಯೋಗಿಸಿದರು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟುವಂತೆ ಲ್ಯಾಪ್‌ಟಾಪಿನ ಕಿಂಡಿಗಳಿಗೆಲ್ಲ ಮಡಿಸಿದ ಬಟ್ಟೆ ಸುತ್ತಿ ದಾರ ಬಿಗಿದರು. ಕೈ ತೊಳೆದು ಬಂದರೆ ಯಂತ್ರ ಕಾದ ದೋಸೆ ಹೆಂಚಾಗಿತ್ತು! ಒಮ್ಮೆ ಗೊರಗುಟ್ಟಿತು. ಪರದೆ ಕಪ್ಪಾಯಿತು. ಸದ್ದೇ ಇಲ್ಲ.

ಉದ್ಯೋಗ, ಸಾಹೇಬರು, ಮುಂದಿನ ಬದುಕು ಎಲ್ಲ ಕಣ್ಣ ಮುಂದೆ ಮೆರವಣಿಗೆ ಹೊರಟವು. ಆದರೆ ಮಾಮನ ಮುಖ ನನ್ನದಕ್ಕಿಂತ ಬಿಳುಚಿತ್ತು. ಅವರೇ ಬಗ್ಗಿ ಗಂಟು ಬಿಚ್ಚತೊಡಗಿದರು.

"ತೂಸಿ ಹೋಗಬಾರ್ದಂತ ಕಟ್ದೆ ಮಾಪ್ಳೆ... ಮೂಚ್ಚೇ ಕಟ್ಟೋಗುತ್ತಂತ ತೋಚ್ಲಿಲ್ಲ."

ಬಟ್ಟೆ ಬಿಚ್ಚಿ, ಬೀಸಣಿಗೆ ಬೀಸುತ್ತ ಇಬ್ಬರೂ ಹೆಣದ ಮುಂದೆ ಕೂತಂತೆ ಕೂತೆವು. ಯಂತ್ರದ ಮೈ ತಣ್ಣಗಾದ ಮೇಲೆ ದೇವರ ಹೆಸರು ಹೇಳಿ ಗುಂಡಿ ಒತ್ತಿದೆ. ಫ್ಯಾನು ಗುಂಯ್ ಎಂದಿತು! ಮಾಮ ಕಿಂಡಿಗೆ ಅಂಗೈ ಹಿಡಿದರು.

"ಬಂತು! ಮೂಚ್ಚು ಬಂತು!"

ನಾನು ಕುಣಿಯುವುದೊಂದು ಬಾಕಿ. ಮಾಮ ಮಾತ್ರ ಕೈಯಲ್ಲಿದ್ದ ಬಟ್ಟೆಯನ್ನು ದಿಟ್ಟಿಸಿ ನೋಡಿ, ಅದನ್ನು ಕೆಳಗಿಟ್ಟು ಒಳಕೋಣೆಗೆ ನಡೆದರು.

ಅತ್ತೆಗೆ ಉಬ್ಬಸ ಹಿಡಿದಂದಿನಿಂದ ಆ ಕೋಣೆಯ ಕಿಟಕಿಯನ್ನು ಮಾಮ ದೂಳಿಗೆ ಹೆದರಿ ಗೋಣಿ ಜಡಿದು ಮುಚ್ಚಿದ್ದರು. ಈಗ ಒಂದೊಂದೇ ಮೊಳೆ ಕಿತ್ತರು. ಬಾಳೆತೋಟದ ಕಡೆಯಿಂದ ತಂಗಾಳಿ ನುಗ್ಗಿತು. ಮಾಮ ಹೆದರುತ್ತಲೇ ಬಗ್ಗಿ, ಮಲಗಿದ್ದ ಅತ್ತೆಯ ಮೂಗಿನ ಮುಂದೆ ಅಂಗೈ ಹಿಡಿದರು.

ಅತ್ತೆ ಕಣ್ಣು ತೆರೆಯಲಿಲ್ಲ.

"ಇನ್ನೂ ಇದ್ದೀನಿ. ಆ ಕೈ ತೆಗೀರಿ, ಗಾಳಿ ಬರ್ಲಿ."