ತಮ್ಮ ಬೆಂಕಿಯ ಗುಣಮಟ್ಟದ ಕುರಿತು

ಗುಹಾನಿವಾಸಿಗಳೂ ಬೆಂಕಿಯುಗುಳುವುದನ್ನೇ ವೃತ್ತಿ ಮಾಡಿಕೊಂಡವರೂ ಆದ ಡ್ರ್ಯಾಗನ್ ಅವರಿಗೆ, ಪ್ರತಿ ಭಾನುವಾರ ತಪ್ಪದೆ ತಮ್ಮಿಂದ ಸುಟ್ಟುಹೋಗುವ ಈ ಬಡಪಾಯಿಯ ಅನಂತ ವಂದನೆಗಳು.

ಮಾನ್ಯರೇ,

ತಾವು ವಾಸವಾಗಿರುವ ಕಂಪ್ಯೂಟರ್ ಆಟ ಎಷ್ಟು ಹಳೆಯದೆಂದರೆ, ಅದನ್ನು ಮಾಡಿದ ಕಂಪನಿಯೇ ತಮ್ಮನ್ನು ಮರೆತಿದೆ. ನಾನು ಮತ್ತು ನನ್ನ ತಂಗಿ ಮಾತ್ರ ಮರೆತಿಲ್ಲ. ಹಲ್ಲಿನ ಸೆಟ್ಟು ತಯಾರಿಸುವ ನಾನು ಇಲ್ಲಿ ಅಮ್ಮನ ಜೊತೆಗೆ, ಬಂದರಿನಲ್ಲಿ ಕ್ರೇನ್ ನಡೆಸುವ ಅವಳು ಅಲ್ಲೆಲ್ಲೋ ದೂರದಲ್ಲಿ. ಫೋನಿನಲ್ಲಿ ನಮ್ಮ ಮಾತು 'ಊಟ ಆಯ್ತಾ', 'ಆಯ್ತು' ಎಂಬಲ್ಲಿಗೆ ಮುಗಿದುಹೋಗುತ್ತದೆ. ತಮ್ಮನ್ನು ಕೊಲ್ಲಲು ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿ ಗುಹೆಗೆ ಬಂದಾಗ ಮಾತ್ರ ಮನಸ್ಸಿನಲ್ಲಿರುವುದೆಲ್ಲ ಬಾಯಿಗೆ ಬರುತ್ತದೆ. ಹೀಗಿರುವಾಗ ಒಂದು ದಿನ ಅವಳು, "ಬೆಂಕಿನಾ ಇದು? ಕಿತ್ತಳೆ ಬಣ್ಣದ ಇಟ್ಟಿಗೆ ಉಗುಳ್ತಿದೆ ಕಣೋ. ಬೇಜಾರಾಯ್ತು, ಬಿಟ್ಬಿಡೋಣ" ಅಂದುಬಿಟ್ಟಳು. ಆಟ ಬಿಟ್ಟರೆ ನಮಗೆ ಉಳಿಯುವುದು ಊಟದ ವಿಚಾರಣೆಯೊಂದೇ.

ತಮ್ಮ ಮರ್ಯಾದೆ ಉಳಿಸಲು ನಾನು ಪಟ್ಟ ಪಾಡನ್ನು ತಾವು ಗಮನಿಸಿರಲಾರಿರಿ. ಹಳೆಯ ಆಟಗಳ ಒಳಗೆ ಕೈಹಾಕಿ ಬಣ್ಣ, ಹೊಗೆ, ಬೆಳಕುಗಳನ್ನು ಇಷ್ಟಬಂದಂತೆ ಬದಲಿಸುವವರನ್ನು ಮಾಡರ್‌ಗಳು ಎನ್ನುತ್ತಾರೆ. ಅವರ ಬರಹಗಳನ್ನು ಓದಿ ನಾನು ತಿಳಿದದ್ದೇನೆಂದರೆ, ತಮ್ಮ ಭಯಂಕರ ಅಗ್ನಿಯೆಂಬುದು ಒಂದರ ಹಿಂದೊಂದು ಓಡುವ ಕೆಲವು ಪುಟ್ಟ ಚಿತ್ರಗಳು, ಅಷ್ಟೆ. ಆ ಜಾಗದಲ್ಲಿ ನಿಜವಾದ ಉರಿಯನ್ನೇ ಕೂರಿಸೋಣವೆಂದು ಅಡುಗೆಮನೆಯ ಒಲೆಯನ್ನು ಜೋರು ಮಾಡಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ, ಫೋನಿನಲ್ಲಿ ಚಿತ್ರೀಕರಿಸಿದೆ. ಒಂದು ಹುಬ್ಬು ಅರ್ಧ ಹೋಯಿತು. ಚಿತ್ರಗಳನ್ನು ಕತ್ತರಿಸಿ, ಸಾಲಾಗಿ ಜೋಡಿಸಿ, ಆಟದ ಫೈಲಿನೊಳಗೆ ತುರುಕಿ, ಒಮ್ಮೆ ಪರೀಕ್ಷಿಸುವ ತಾಳ್ಮೆಯೂ ಇಲ್ಲದೆ ತಂಗಿಗೂ ಕಳಿಸಿದೆ, ಏಕೆಂದರೆ ಅವಳ ಕಂಪ್ಯೂಟರಿನಲ್ಲೂ ಅದೇ ಫೈಲು ಇಲ್ಲದಿದ್ದರೆ ಅವಳಿಗೆ ಕಾಣುವುದು ಹಳೆಯ ಇಟ್ಟಿಗೆಗಳೇ.

ಭಾನುವಾರ ತಾವು ಬಾಯಿ ತೆರೆದಿರಿ. ಏನು ಜ್ವಾಲೆ, ಏನು ಗಾಂಭೀರ್ಯ! ಅಷ್ಟರಲ್ಲಿ ಅದರ ನಡುವೆ ಒಂದು ಕೈ ಬಂದು, ಗ್ಯಾಸ್ ಸಣ್ಣದು ಮಾಡಿ, ಹಿಂದೆ ಸರಿಯಿತು. ನಾನು ಚಿತ್ರೀಕರಿಸುತ್ತಿದ್ದಾಗ ಗ್ಯಾಸ್ ದಂಡವಾಗುತ್ತಿದೆಯೆಂದು ಅಮ್ಮ ಕೈಹಾಕಿದ್ದಳು. ಆ ತುಣುಕನ್ನು ತೆಗೆಯುವುದು ನನಗೆ ಮರೆತೇಹೋಗಿತ್ತು. ಗೋಡೆಯ ಪಂಜುಗಳಿಗೂ ಆಟ ಅದೇ ಫೈಲನ್ನು ಬಳಸುವುದರಿಂದ, ಗುಹೆಯ ಉದ್ದಕ್ಕೂ ಪುಟ್ಟ ಪುಟ್ಟ ಕೈಗಳು ಉರಿ ಸಣ್ಣದು ಮಾಡುತ್ತಿದ್ದವು. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುವವಳು ನಮ್ಮ ಮನೆಯಲ್ಲಿ ಒಬ್ಬಳೇ. "ಅಯ್ಯೋ, ಅಮ್ಮನ ಕೈ!" ಎಂದು ಕಿರುಚಿದ ತಂಗಿ ಬಿದ್ದು ಬಿದ್ದು ನಕ್ಕಳು, ಆಮೇಲೆ ಬರೀ ಮೂಗು ಎಳೆದುಕೊಳ್ಳುವ ಸದ್ದು. ಸರಿಮಾಡುತ್ತೇನೆ ಎಂದರೆ "ಮುಟ್ಟಿದ್ರೆ ನೋಡು!" ಎಂದು ಗದರಿದಳು. ನನ್ನ ಕಣ್ಣಲ್ಲೂ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನನ್ನ ದೂರು ಇರುವುದು ಇಲ್ಲಿಂದ ಮುಂದೆ. ಈಗ ತಂಗಿ ಕತ್ತಿ ಎತ್ತುವುದೇ ಇಲ್ಲ. ಗುರಾಣಿ ಇಳಿಸಿ, ಆ ಕೈ ನೋಡಲೆಂದೇ ತಮ್ಮ ಬಾಯೆದುರು ನಿಲ್ಲುತ್ತಾಳೆ, ಬೂದಿಯಾಗುತ್ತಾಳೆ, ಮತ್ತೆ ಬಂದು ನಿಲ್ಲುತ್ತಾಳೆ. ಉರಿ ಎಷ್ಟು ಸಣ್ಣದಾದರೂ ಜೀವ ತೆಗೆಯುವುದರಲ್ಲಿ ತಾವು ಕಿಂಚಿತ್ತೂ ಕಡಿಮೆ ಮಾಡಿಲ್ಲ; ಇಂಥ ಕರ್ತವ್ಯನಿಷ್ಠೆ ಇಂದಿನ ಕಾಲದಲ್ಲಿ ಎಲ್ಲಿ ಸಿಗುತ್ತದೆ! ಆದಕಾರಣ, ಕೈ ಕಂಡಾಗ ತಾವು ಒಂದು ಗಳಿಗೆ ಉಸಿರು ಬಿಗಿಹಿಡಿಯಬೇಕೆಂದೂ, ಅವಳನ್ನು ಬೆಚ್ಚಗಷ್ಟೇ ಮಾಡಿ ಸುಡದೆ ಬಿಡಬೇಕೆಂದೂ, ಸಾಧ್ಯವಾದರೆ ಆ ಕೈ ಅವಳ ತಲೆಗೆ ಎಟುಕುವಂತೆ ಕತ್ತನ್ನು ತುಸು ಮುಂದೆ ಚಾಚಬೇಕೆಂದೂ ವಿನಂತಿಸುತ್ತೇನೆ.

ಸುಡದೆ ಉಳಿದಷ್ಟು ಹೊತ್ತು
ತಮ್ಮ ವಿಶ್ವಾಸಿ,
ಒಬ್ಬ ಅಣ್ಣ

ಮರೆತ ಮಾತು: ಬರುವ ವಾರ ತಂಗಿ ರಜೆ ಹಾಕಿ ಮನೆಗೇ ಬರುತ್ತಿದ್ದಾಳೆ. ಭಾನುವಾರ ಗುಹೆ ಖಾಲಿ ಕಂಡರೆ, ಹೆದರಿ ಓಡಿದರೆಂದು ಬೀಗಬೇಡಿ. ಅಮ್ಮನೇ ಎದುರಿಗಿರುವಾಗ ತಮ್ಮ ಬಾಯಿ ನೋಡುತ್ತ ಕೂರುವ ಗತಿ ನಮಗಿನ್ನೂ ಬಂದಿಲ್ಲ.