ಭಾವನ ಟೆಂಪೋದಲ್ಲಿ ಡೈನೋಸಾರ್

ನಮ್ಮ ಭಾವನಿಗೆ ಬದುಕಿರುವವರ ಮೇಲೆ ಕಿಂಚಿತ್ತೂ ಗೌರವವಿಲ್ಲ. ಸತ್ತವರ ಮೇಲೂ ಇಲ್ಲ. ಸತ್ತು ಆರು ಕೋಟಿ ವರ್ಷವಾದರೂ ಆಗಿದ್ದರೆ ಮಾತ್ರ ಅವರು ನಿಮ್ಮನ್ನು ಲೆಕ್ಕಕ್ಕೆ ಹಿಡಿದಾರು! ಸ್ವಂತ ಅತ್ತೆಯ, ಅಂದರೆ ನನ್ನ ಅಮ್ಮನ, ತಿಥಿ ಯಾವತ್ತು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಡೈನೋಸಾರ್ ಹೇಗೆ ಸತ್ತವು ಎಂದು ಕೇಳಿ. ನಿನ್ನೆಯಷ್ಟೇ ಮನೆಯಲ್ಲಿ ಸೂತಕ ಬಂದವರ ಹಾಗೆ ಮುಖ ಸಣ್ಣ ಮಾಡಿಕೊಂಡು ಶುರು ಮಾಡುತ್ತಾರೆ. ಆಮೇಲೆ ಸಾಯುವುದು ಕೇಳಿದವರ ಸರದಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಹೊನ್ನಾವರ. ಭಟ್ಕಳ, ಹೊನ್ನಾವರ, ಕುಮಟಾ ಎಂದು ಮೂರೂರಿನ ನಡುವೆ ಜನ ತುಂಬಿಕೊಂಡು ಟೆಂಪೋ ಓಡಿಸುವುದು ಕಸುಬು. ನಾನು ಕುಮಟಾ ಹತ್ತಿರದ ಹೊಳನಗದ್ದೆಯವಳು, ನೌಕರಿ ಹೊನ್ನಾವರದಲ್ಲಿ. ಅವರ ಟೆಂಪೋ ಇರುವಾಗ ನಾನು ಬಸ್ಸು ಹತ್ತಿದರೆ ಅಕ್ಕನಿಗೆ ಬೇಜಾರು. ಟೆಂಪೋ ಹತ್ತಿದರೆ ನನಗೆ ಬೇಜಾರು. ಅಕ್ಕ ದೊಡ್ಡವಳು, ಅವಳೇ ಗೆದ್ದಳು.

ಮೊದಲು ಹೀಗಿರಲಿಲ್ಲ ನಮ್ಮ ಭಾವ. ಎಲ್ಲ ಡ್ರೈವರುಗಳ ಹಾಗೆ ಸರಕಾರವನ್ನು ಬೈಯುತ್ತ, ಹಾರ್ನ್ ಬಾರಿಸುತ್ತ ಸುಖವಾಗಿದ್ದರು. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದರಲ್ಲ, ಆ ಸಮಯದಲ್ಲಿ ಯಾವುದೋ ಕಾಲೇಜಿನ ಮಾಸ್ತರರೊಬ್ಬರು ಕಡಿದ ಗುಡ್ಡದ ಕಲ್ಲುಮಣ್ಣು ತೋರಿಸಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಭಾವನ ಟೆಂಪೋ ಗೊತ್ತು ಮಾಡಿದರು. ಸಮುದ್ರದ ದಂಡೆಯಲ್ಲಿ ಎಳನೀರು ಕುಡಿಯುತ್ತ ಆ ಮಾಸ್ತರರು, "ಡೈನೋಸಾರ್ ಕಾಲದಲ್ಲಿ ಇಲ್ಲಿ ಈ ಸಮುದ್ರವೇ ಇರಲಿಲ್ಲ. ಮಡಗಾಸ್ಕರ್ ನಮ್ಮ ದಂಡೆಗೆ ಅಂಟಿಕೊಂಡೇ ಇತ್ತು" ಎಂದರಂತೆ. ಮಾಸ್ತರರು ಇಳಿದು ಹೋದರು. ವಿದ್ಯಾರ್ಥಿಗಳು ಇಳಿದು ಹೋದರು. ಆ ಮಾತು ಮಾತ್ರ ಟೆಂಪೋದಿಂದ ಇಳಿಯಲೇ ಇಲ್ಲ!

ಅಲ್ಲಿಂದ ಮುಂದೆ ಭಾವ ಸ್ಟ್ಯಾಂಡಿನಲ್ಲಿ ಸರದಿ ಕಾಯುವಷ್ಟು ಹೊತ್ತೂ ಮೊಬೈಲಿನಲ್ಲಿ ಡೈನೋಸಾರ್ ನೋಡುವುದು, ನೋಡಿದ್ದನ್ನು ಪ್ಯಾಸೆಂಜರುಗಳ ಮೇಲೆ ಸುರಿಯುವುದು. ಓಡುವ ಟೆಂಪೋದಿಂದ ಹಾರಲು ಯಾರಿಗೆ ಧೈರ್ಯವಿದೆ ಹೇಳಿ? ಇಂಥ ಸಭಿಕರು ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ.

ಒಮ್ಮೆ ಏಪ್ರಿಲ್ ತಿಂಗಳು. ಟೆಂಪೋ ಒಳಗೆ ನಾವೆಲ್ಲ ಬೇಯುತ್ತಿದ್ದೇವೆ. ಕುಮಟಾ ಪೇಟೆಗೆ ಮೀನು ಬುಟ್ಟಿ ಒಯ್ಯುತ್ತಿದ್ದ ಹೆಂಗಸೊಬ್ಬಳು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಎಂತಾ ಸೆಕೆ ಮಾರಾಯಾ!" ಎಂದಳು. ಎನ್ನಬಾರದಿತ್ತು.

"ಇದೊಂದು ಸೆಕೆಯನಾ?" ಎಂದು ಭಾವ ಗೇರ್ ಇಳಿಸಿದರು. "ಡೈನೋಸಾರ್ ಕಾಲದಲ್ಲಿ ಇರಬೇಕಾಗಿತ್ತು ನೀನು. ಆಗ ಭೂಮಿ ತುದೀಲಿ, ಧ್ರುವದಲ್ಲೂ ಐಸ್ ಇರ್ಲಿಲ್ಲ. ಅಲ್ಲೂ ಕಾಡೇ ಬೆಳೀತಿತ್ತು, ಗೊತ್ತಾತಾ?"

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಐಸ್ ಇಲ್ದೆ ಮೀನಿಗೆ ಎಂತ ಮಾಡ್ತಿದ್ರೋ?"

ಭಾವ ಗಾಡಿಯನ್ನು ಇನ್ನೂ ನಿಧಾನ ಮಾಡಿದರು. ಭೂಮಿಯ ಇಡೀ ಚರಿತ್ರೆಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಬುಟ್ಟಿಯಲ್ಲಿ ಬಂಗುಡೆಯ ಮೇಲಿದ್ದ ಐಸ್ ಮಾತ್ರ ಕರಗುತ್ತಿತ್ತು. "ಮೊದ್ಲು ಗಾಡಿ ಓಡ್ಸು ಮಾರಾಯಾ. ಮಡಗಾಸ್ಕರೂ ಇದ್ಕಿಂತ ಬೇಗ ಹೋಗಿರ್ಬೇಕು" ಎಂದಳು ಅವಳು. ಆ ದಿನ ನನಗೆ ಆದ ಆನಂದವನ್ನು ಏನೆಂದು ಬಣ್ಣಿಸಲಿ!

ಇಡಗುಂಜಿಗೆ ಹೋಗುವ ಭಕ್ತರನ್ನೂ ಇವರು ಬಿಟ್ಟವರಲ್ಲ. ಒಂದು ಸಂಸಾರ ಹೂವು, ಗರಿಕೆ ಹಿಡಿದುಕೊಂಡು ಭಕ್ತಿಯಿಂದ ಕೂತಿತ್ತು. ಭಾವ ಹೇಳಿದರು: "ಡೈನೋಸಾರ್ ಹುಟ್ಟಿದ ಕಾಲದಲ್ಲಿ ಹೂವೇ ಇರ್ಲಿಲ್ಲ. ಹೂವು ಬಂದದ್ದು ಎಷ್ಟೋ ಆಮೇಲೆ."

ಆ ಮನೆಯ ಅಜ್ಜನಿಗೆ ಸಿಟ್ಟು ಬಂತು. "ಹಂಗಾರೆ ದೇವ್ರೂ ಇರ್ಲಿಲ್ಲ ಹೇಳ್ತ್ಯಾ?"

"ದೇವ್ರು ಇದ್ದ ಅಜ್ಜಾ. ಭಕ್ತರು ಇರ್ಲಿಲ್ಲ. ಆರಾಮಿದ್ದ."

ಅಜ್ಜ ಅಲ್ಲೇ ಗಾಡಿ ನಿಲ್ಲಿಸಲು ಹೇಳಿ, ಮನೆಮಂದಿಯನ್ನೆಲ್ಲ ಇಳಿಸಿಕೊಂಡು ಬಿಸಿಲಲ್ಲಿ ನಡೆದೇ ಹೋದ.

ಇನ್ನು ಮೊಟ್ಟೆಯ ಕತೆ. ಕಡಿದ ಗುಡ್ಡದ ಬುಡದಲ್ಲಿ ಭಾವನಿಗೆ ಕುಂಬಳಕಾಯಿಯಂಥದೊಂದು ಗುಂಡುಕಲ್ಲು ಸಿಕ್ಕಿತು. ಡೈನೋಸಾರ್ ಮೊಟ್ಟೆ! ಮೂರು ಜನ ಸೇರಿ ಎತ್ತಿ ತಂದು ನಡುಮನೆಯಲ್ಲಿ ಗೋಣಿಚೀಲದ ಮೇಲೆ ಕೂರಿಸಿದರು. ಅಕ್ಕ ಅದಕ್ಕೆ ಎಡವಿ ಕಾಲಿನ ಉಗುರು ಕಿತ್ತುಕೊಂಡಳು. "ಮರಿ ಯಾವಾಗ ಆಗ್ತದೆ ಭಾವ? ಬಾಣಂತನಕ್ಕೆ ಬತ್ತೆ" ಎಂದು ನಾನು ಸಾಕಷ್ಟು ಚುಚ್ಚಿದೆ. ಕಡೆಗೆ ಭಾವ ಆ ಮಾಸ್ತರರಿಗೇ ಫೋನ್ ಮಾಡಿದರು. ಆ ಪುಣ್ಯಾತ್ಮರು ನಕ್ಕು, "ನಿಮ್ಮ ಕಡೆಯ ಕಲ್ಲಿನಲ್ಲಿ ಮೊಟ್ಟೆಯೂ ಸಿಗುವುದಿಲ್ಲ, ಮೂಳೆಯೂ ಸಿಗುವುದಿಲ್ಲ. ಡೈನೋಸಾರ್ ಹುಟ್ಟುವ ಎಷ್ಟೋ ಮೊದಲೇ ನಿಮ್ಮ ಕಲ್ಲು ಮುದಿಯಾಗಿತ್ತು" ಎಂದು ಬಿಡಿಸಿ ಹೇಳಿದರು. ಆಯಿತು, ಗ್ರಹಚಾರ ಬಿಟ್ಟಿತು ಎಂದುಕೊಂಡೆ ನಾನು. ಭಾವ ಫೋನ್ ಇಟ್ಟು ತಿರುಗಿದರೆ ಮುಖದಲ್ಲಿ ದೀಪಾವಳಿ!

"ಕೇಳ್ದ್ಯಾ ತಂಗಿ? ನಮ್ಮ ಕಲ್ಲು ಡೈನೋಸಾರಿಗಿಂತ ಹಿರಿಯದಂತೆ!"

ಇಂಥವರಿಗೆ ಎಂತ ಮಾಡುವುದು? ಮೊಟ್ಟೆ ಎಂದು ಕೂರಿಸಿದ್ದ ಕಲ್ಲು ಅಜ್ಜನಾಗಿ ಅಲ್ಲೇ ಮುಂದುವರಿಯಿತು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಮಗಳ ಸಂಬಂಧದ ವಿಷಯದಲ್ಲೂ ಹೀಗೆ ಮಾಡಿದರೆ? ಅಕ್ಕನಿಗೆ ಇರುವುದು ಒಬ್ಬಳೇ ಮಗಳು. ಕಾಯ್ಕಿಣಿಯ ಒಳ್ಳೆಯ ರೈತರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗಿ ಒಪ್ಪಿದ್ದಳು, ಹುಡುಗ ಒಪ್ಪಿದ್ದ. ಹುಡುಗನ ಅಪ್ಪ ಅಮ್ಮನನ್ನು ಒಂದು ಭಾನುವಾರ ಊಟಕ್ಕೆ ಕರೆದರು. ಅಕ್ಕ ಊರಕೋಳಿಯ ಸಾರು ಮಾಡಿದ್ದಳು. ಹುಡುಗನ ತಾಯಿ ಕೋಳಿಕಾಲನ್ನು ಕೈಯಲ್ಲಿ ಎತ್ತಿದ್ದೇ ತಡ, ಭಾವನ ಕಣ್ಣು ಹೊಳೆಯಿತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

"ಬೀಗತಿ, ನೀವೀಗ ತಿನ್ತಾ ಇರೂದು ಡೈನೋಸಾರ್!"

ಆ ಹೆಂಗಸಿನ ಕೈ ಅಲ್ಲೇ ನಿಂತಿತು. "ಎಂತದು?"

"ಡೈನೋಸಾರ್. ಎಲ್ಲ ಸತ್ತು ಹೋಗ್ಲಿಲ್ಲ. ಒಂದು ಕವಲು ಉಳ್ಕಂಡು ಹಕ್ಕಿ ಆತು. ಕೋಳಿ ಅದೇ ವಂಶ. ಆ ಕಾಲಿನ ಚರ್ಮ ನೋಡಿ ಬೇಕಾರೆ, ಥೇಟು ಹಾಂಗೇ!"

ಅವರು ಕೋಳಿಕಾಲನ್ನು ಎಲೆಯ ಮೇಲಿಟ್ಟರು. ಅಕ್ಕ, "ಅವ್ರ ಮಾತು ಕೇಳ್ಬೇಡಿ, ಅದು ನಮ್ಮ ಹಿತ್ತಲಿಂದೇ" ಎಂದು ಬೇಡಿಕೊಂಡಳು. ಭಾವ ಈಗ ಬೀಗರ ಕಡೆ ತಿರುಗಿದರು. ಅವರು ಭತ್ತ ಬೆಳೆಯುವವರಲ್ಲವೇ, ಅವರಿಗೆ ತಕ್ಕ ವಿಷಯವೂ ಇವರಲ್ಲಿ ತಯಾರಿತ್ತು.

"ನಮ್ಮ ದೇಶದಲ್ಲೇ ಕಲ್ಲಾದ ಡೈನೋಸಾರ್ ಸಗಣಿ ಸಿಕ್ಕಿದೆ. ಅದನ್ನ ಒಡೆದು ನೋಡಿದ್ರೆ ಒಳಗೆ ಹುಲ್ಲು. ಬರೀ ಹುಲ್ಲಲ್ಲ, ನಮ್ಮ ಭತ್ತದ ದಾಯಾದಿ! ಈ ಅನ್ನ ನೋಡಿದಾಗೆಲ್ಲ ನಂಗೆ ಆ ಸಗಣಿಯೇ ನೆನಪಾಗ್ತದೆ."

ಕೋಳಿ ಹೋಯಿತು. ಈಗ ಅನ್ನವೂ ಹೋಯಿತು. ಬೀಗರಿಬ್ಬರೂ ಮಜ್ಜಿಗೆ ಕುಡಿದು ಎದ್ದರು. ಹೋಗುವಾಗ, "ಫೋನ್ ಮಾಡ್ತೇವೆ" ಎಂದರು. ಹಾಗೆಂದರೆ ಏನರ್ಥ ಎಂದು ಯಾವ ಹೆಣ್ಣುಮಗಳ ಮನೆಯವರಿಗೆ ಬಿಡಿಸಿ ಹೇಳಬೇಕು?

ಫೋನ್ ಬರಲಿಲ್ಲ. ದಿನಗಳು ಹೋದವು. ಮಗಳು ಕೋಣೆಯಿಂದ ಹೊರಗೆ ಬರುವುದನ್ನು ಬಿಟ್ಟಳು. ಅಕ್ಕ ಗಂಡನಿಗೆ ಊಟ ಬಡಿಸಿ ಬೆನ್ನು ತಿರುಗಿಸಿ ಕೂರತೊಡಗಿದಳು. ಕಡೆಗೊಂದು ದಿನ ನಾನೇ ಹೋಗಿ ಕೇಳಿದೆ.

"ಭಾವ, ನಿಮ್ಗೆ ಮಗಳು ಬೇಕಾ, ಡೈನೋಸಾರ್ ಬೇಕಾ? ಇನ್ನು ಆ ಸುದ್ದಿ ನಿಮ್ಮ ಬಾಯಲ್ಲಿ ಬಂದ್ರೆ ನಾನು ಈ ಮನೆ ಮೆಟ್ಲು ಹತ್ತೂದಿಲ್ಲ."

ಭಾವ ವಾದಿಸಲಿಲ್ಲ. "ಆತು" ಎಂದರು, ಅಷ್ಟೇ.

ಮಾತಿಗೆ ನಿಂತರು ಕೂಡ! ಟೆಂಪೋದಲ್ಲಿ ಇಂಜಿನ್ನಿನ ಸದ್ದು ಮೊದಲ ಬಾರಿಗೆ ಕೇಳಿಸಿತು. ಮೀನಿನ ಹೆಂಗಸು, "ಇವ್ನಿಗೆ ಎಂತಾತು? ಬಾಯಿ ಹುಣ್ಣನಾ?" ಎಂದು ನನ್ನನ್ನು ಕೇಳಿದಳು. ನಾನು ಸರ್ಕಸ್ಸಿನಲ್ಲಿ ಹುಲಿ ಪಳಗಿಸಿದವರ ಹಾಗೆ ಸುಮ್ಮನೆ ನಕ್ಕೆ.

ಅಂತೂ ಕಾಯ್ಕಿಣಿಯಿಂದ ಫೋನ್ ಬಂತು. ಮಾತಾಡಿದವರು ಹುಡುಗನ ತಾಯಿ. ಹುಡುಗ ಹಟ ಹಿಡಿದಿದ್ದನಂತೆ. ಅವರದು ಒಂದೇ ಪ್ರಶ್ನೆ: "ಅಪ್ಪನಿಗೆ ಇದ್ದದ್ದು ಹುಡುಗಿಗೂ ಇದ್ಯನಾ?"

"ಇಲ್ಲ ದೇವ್ರೇ ಇಲ್ಲ, ಅವ್ಳು ಪೂರಾ ನನ್ನ ಹಾಂಗೆ" ಎಂದು ಅಕ್ಕ ಆಣೆಯಿಟ್ಟು ಹೇಳಿದ ಮೇಲೆ ಸಂಬಂಧ ಗಟ್ಟಿಯಾಯಿತು.

ಮದುವೆ ಚೆನ್ನಾಗಿಯೇ ನಡೆಯಿತು. ಭಾವ ಧಾರೆ ಎರೆದರು. ಒಂದು ಅಡ್ಡ ಮಾತಿಲ್ಲ. ಕಾಯ್ಕಿಣಿಯಲ್ಲಿ ಮಗಳನ್ನು ಹೊಸ ಮನೆಯ ಒಳಗೆ ಬಿಟ್ಟು, ಸಂಜೆ ನಾವು ಮೂವರೇ ಖಾಲಿ ಟೆಂಪೋದಲ್ಲಿ ಹೊನ್ನಾವರಕ್ಕೆ ಹೊರಟೆವು. ಅಕ್ಕ ಮುಂದಿನ ಸೀಟಿನಲ್ಲಿ ಕೂತು ಒಂದೇ ಸಮನೆ ಅಳುತ್ತಿದ್ದಳು. ಭಾವ ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದುಕೊಂಡು ರಸ್ತೆ ನೋಡುತ್ತಿದ್ದರು. ಎಂಥ ಕಲ್ಲುಜೀವ ಎಂದು ನಾನು ಹಿಂದೆ ಕೂತು ಮನಸ್ಸಿನಲ್ಲೇ ಬೈದೆ.

ಮಂಕಿ ದಾಟುವಾಗ ಅಕ್ಕನಿಗೆ ತಡೆಯಲಾಗಲಿಲ್ಲ. "ಹೋಯ್, ಎಂತಾರೂ ಮಾತಾಡಿ. ಹಿಂಗೆ ಸುಮ್ನೆ ಕೂತ್ರೆ ನಂಗೆ ಎದೆ ಒಡೆದು ಹೋಗ್ತದೆ" ಎಂದಳು.

ಭಾವ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನಾನು ಆಗಬಹುದೆಂದು ತಲೆಯಾಡಿಸಿದೆ.

"ದೂರದ ಒಂದು ಮರಳುಗಾಡಲ್ಲಿ ಒಂದು ಡೈನೋಸಾರ್ ಸಿಕ್ಕಿದೆ" ಎಂದರು ಭಾವ, ತುಂಬ ಮೆಲ್ಲಗೆ. "ಗೂಡಿನ ಮೇಲೆ ಕೂತದ್ದು. ಎರಡೂ ತೋಳು ಅಗಲ ಮಾಡಿ ಮೊಟ್ಟೆ ಮುಚ್ಕಂಡು ಕೂತಿತ್ತು. ಮೇಲಿಂದ ಮರಳು ಬಿದ್ದದೆ. ಏಳ್ಲಿಲ್ಲ. ಹಾಂಗೇ ಕಲ್ಲಾಗಿದೆ."

"ಪಾಪ, ತಾಯಿ" ಎಂದಳು ಅಕ್ಕ.

"ಎಲ್ಲರೂ ಮೊದ್ಲು ಹಾಂಗೇ ಅಂದ್ಕಂಡಿದ್ರು." ಭಾವ ಟೆಂಪೋವನ್ನು ಮೆಲ್ಲಗೆ ರಸ್ತೆಯ ಬದಿಗೆ ತಂದು ನಿಲ್ಲಿಸಿದರು. "ಮೊಟ್ಟೆ ಇಡೂ ಹೆಣ್ಣಿನ ಮೂಳೆಯೊಳಗೆ ಒಂದು ಗುರುತು ಇರ್ತದಂತೆ. ಇದ್ರಲ್ಲಿ ಅದು ಕಾಣ್ಲಿಲ್ಲ. ಈಗ ಕೆಲವರು ಹೇಳೂದು, ಅದು ಅಪ್ಪ ಇರಬಹುದು ಅಂತ."

ಅಕ್ಕ ಅಳು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಸ್ಟಿಯರಿಂಗ್ ಮೇಲಿದ್ದ ಅವರ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

ಟೆಂಪೋ ತುಂಬ ಹೊತ್ತು ಅಲ್ಲೇ ನಿಂತಿತ್ತು. ನಾನು ಅವಸರ ಮಾಡಲಿಲ್ಲ.